ಹೋಗದೇ ಇದ್ದುದಕ್ಕೊಂದು ಪೇಟ

ಕ್ಯಾನ್ವಾಸ್ ಬೂಟಿಗೆ ಹಚ್ಚುವ ಬಿಳಿ ಪಾಲಿಶಿಗೆ ಒಂದು ವಾಸನೆ ಇತ್ತು. ಹಸಿ ಸುಣ್ಣದ್ದೂ ಅಲ್ಲ, ಸೀಮೆಸುಣ್ಣದ್ದೂ ಅಲ್ಲ. ಎರಡನ್ನೂ ನೀರಿನಲ್ಲಿ ಕಲಸಿ, ಅದಕ್ಕೆ ಒಂದಿಷ್ಟು ಶುಕ್ರವಾರದ ಸಂಜೆಯನ್ನು ಬೆರೆಸಿದ ಹಾಗೆ. ಶನಿವಾರ ಬೆಳಿಗ್ಗೆ ಶಾಲೆಯಲ್ಲಿ ಡ್ರಿಲ್ ಇರುತ್ತಿತ್ತು. ಹಿಂದಿನ ಸಂಜೆ ನನ್ನ ತಮ್ಮ ವೆಂಕಟಸುಬ್ಬಯ್ಯ ಹಳೆಯ ಬನಿಯನ್ನಿನ ಚೂರಿನಿಂದ ಬೂಟಿಗೆ ಬಿಳಿ ಬಳಿದು, ಮೋಟುಗೋಡೆಯ ಮೇಲೆ ಒಣಗಲು ಇಟ್ಟು, ಕಾಗೆ ಮುಟ್ಟದ ಹಾಗೆ ಪಕ್ಕದಲ್ಲೇ ಕೂತು ಕಾಯುತ್ತಿದ್ದ. ಓಟದಲ್ಲಿ ಅವನು ಯಾವಾಗಲೂ ಕೊನೆಗೇ ಬರುತ್ತಿದ್ದ. ಆದರೆ ಅಷ್ಟು ಬೆಳ್ಳಗಿನ ಬೂಟು ಹಾಕಿಕೊಂಡು ಕೊನೆಗೆ ಬಂದ ಹುಡುಗ ಇಡೀ ಮೈಸೂರಿನಲ್ಲಿ ಇನ್ನೊಬ್ಬನಿಲ್ಲ ಎಂದು ನಮ್ಮ ತಾಯಿ ಸಮಾಧಾನ ಹೇಳುತ್ತಿದ್ದರು. ಅವನು ಅದನ್ನು ಬಹುಮಾನವೆಂದೇ ತಿಳಿದಿದ್ದ.

ಆ ಹುಡುಗನಿಗೆ ಈಗ ಅರವತ್ತೇಳು. ವಿದ್ಯುತ್ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತನಾದ. ಮದುವೆಯಾಗಲಿಲ್ಲ, ಬೇಡವೆಂದು ಹಟ ಹಿಡಿದವನಲ್ಲ, ಯೋಚಿಸಿ ಹೇಳುತ್ತೇನೆ ಎಂದವನು ಇನ್ನೂ ಯೋಚಿಸುತ್ತಿದ್ದಾನೆ. ಬೋಗಾದಿಯ ನಮ್ಮ ಮನೆಯಲ್ಲಿ ಮಹಡಿಯ ಕೋಣೆ ಅವನದು, ಕೆಳಗಿನ ಭಾಗ ನನ್ನದು. ಮಧ್ಯಾಹ್ನ ನನ್ನ ಸಾರಿನ ವಾಸನೆ ಮೆಟ್ಟಿಲು ಹತ್ತಿದರೆ ಅವನು ಮೆಟ್ಟಿಲು ಇಳಿಯುತ್ತಾನೆ. ನನ್ನ ಯಜಮಾನರು ತೀರಿಕೊಂಡ ಮೇಲೆ ನಮ್ಮ ಮನೆಯ ಗಡಿಯಾರ ಇದೇ.

ಇಂಥವನು ಅಂತರರಾಷ್ಟ್ರೀಯ ಕ್ರೀಡಾಪಟುವಾದದ್ದು ಹಿನಕಲ್‌ನ ಕೃಷ್ಣಪ್ಪನವರಿಂದ. ಕೃಷ್ಣಪ್ಪನವರು ಸಿಟಿ ಬಸ್ ಓಡಿಸುತ್ತಿದ್ದವರು. ಜೀವಮಾನವೆಲ್ಲ ಕೂತದ್ದಾಯಿತು, ಇನ್ನು ನಡೆಯೋಣ ಎಂದು ನಿವೃತ್ತಿಯ ಮಾರನೆಯ ದಿನವೇ ಕುಕ್ಕರಹಳ್ಳಿ ಕೆರೆಯ ಏರಿಗೆ ಬಂದರು. ಅಲ್ಲಿ ನನ್ನ ತಮ್ಮ ಸಿಕ್ಕಿದ. ಅಂದಿನಿಂದ ಇಬ್ಬರೂ ಜೋಡಿ. ರಸ್ತೆಯಲ್ಲಿ ಕೃಷ್ಣಪ್ಪನವರು ಯಾವಾಗಲೂ ವಾಹನ ಬರುವ ಕಡೆಗೆ ತಾವಿದ್ದು ಇವನನ್ನು ಒಳಗಡೆಗೆ ಹಾಕಿಕೊಂಡು ನಡೆಯುತ್ತಾರೆ. ಬಸ್ ನಿಲ್ದಾಣ ಕಂಡ ಕಡೆಯೆಲ್ಲ ಅವರ ಕಾಲು ತಾನಾಗಿ ನಿಧಾನವಾಗುತ್ತದೆ. ಹಳೆಯ ಅಭ್ಯಾಸ ಎನ್ನುತ್ತಾರೆ. ಹಿಂದೆ ಉಳಿದ ನನ್ನ ತಮ್ಮ ಅಷ್ಟರಲ್ಲಿ ಅವರ ಜೊತೆ ಸೇರಿಕೊಳ್ಳುತ್ತಾನೆ. ಕೆರೆಯ ಏರಿಯ ಮೇಲೆ ಬಸ್ ನಿಲ್ದಾಣವಿಲ್ಲ. ಅಲ್ಲೂ ಅವರು ಆಗಾಗ ನಿಧಾನವಾಗುವುದನ್ನು ನಾನು ನೋಡಿದ್ದೇನೆ.

ಒಂದು ವರ್ಷ ಇಬ್ಬರೂ ಹಿರಿಯರ ಕ್ರೀಡಾಕೂಟದ ವೇಗದ ನಡಿಗೆಗೆ ಹೆಸರು ಕೊಟ್ಟರು. ಅವರ ವಯಸ್ಸಿನ ವರ್ಗದಲ್ಲಿ ಇದ್ದವರೇ ಮೂವರು. ಈ ಸ್ಪರ್ಧೆಯಲ್ಲಿ ಓಡಬಾರದು, ಮುಂದಿಟ್ಟ ಕಾಲಿನ ಮಂಡಿ ಬಗ್ಗಬಾರದು. ಮೂರನೆಯವರನ್ನು ಒಂದು ನಾಯಿ ಅಟ್ಟಿಸಿಕೊಂಡು ಬಂತು, ಅವರು ಓಡಿದರು, ತೀರ್ಪುಗಾರರು ಕೆಂಪು ಕಾರ್ಡು ತೋರಿಸಿ ಹೊರಗಿಟ್ಟರು. ಕೃಷ್ಣಪ್ಪನವರಿಗೆ ಚಿನ್ನ, ನನ್ನ ತಮ್ಮನಿಗೆ ಬೆಳ್ಳಿ. ಹುಟ್ಟಿದಾಗಿನಿಂದ ಮೊದಲ ಸಲ ಅವನು ಕೊನೆಯವನಾಗಿದ್ದೂ ಎರಡನೆಯವನೆನಿಸಿಕೊಂಡ. ಇದೇ ಆಧಾರದ ಮೇಲೆ ಇಬ್ಬರಿಗೂ ವಿದೇಶದಲ್ಲಿ ನಡೆಯುವ ಏಷ್ಯಾ ಹಿರಿಯರ ಕೂಟಕ್ಕೆ ಕರೆ ಬಂತು.

ಕೃಷ್ಣಪ್ಪನವರಿಗೆ ಬೆನ್ನಿನ ಮೇಲೆ ಇಂಡಿಯಾ ಎಂದು ಬರೆದ ನೀಲಿ ಅಂಗಿ ಸಿಕ್ಕಿತು. ಅವರ ಹೆಂಡತಿ ಪುಟ್ಟತಾಯಮ್ಮ, ಒಮ್ಮೆಯೂ ಹಾಕಿಕೊಳ್ಳದ ಆ ಅಂಗಿಯನ್ನು ಎರಡು ದಿನಕ್ಕೊಮ್ಮೆ ಒಗೆದು, ಮನೆಯ ಮುಂದಿನ ತಂತಿಯ ಮೇಲೆ ಅಕ್ಷರ ರಸ್ತೆಗೆ ಕಾಣುವ ಹಾಗೆ ಒಣಗಿಸುತ್ತಿದ್ದರು. ಒಂದೇ ದಾರಿಯಲ್ಲಿ ಮೂವತ್ತು ವರ್ಷ ಬಸ್ಸು ಓಡಿಸಿದ ಮನುಷ್ಯ. ಊರಾಚೆ ಹೋದವರನ್ನೆಲ್ಲ ರೈಲ್ವೆ ಸ್ಟೇಷನ್ನಿನವರೆಗೆ ಬಿಟ್ಟುಬಂದವರೇ ಹೊರತು ಒಂದು ಸಲವೂ ತಾವು ಹತ್ತಿ ಹೋದವರಲ್ಲ. ವಿಮಾನದಲ್ಲಿ ಕಿಟಕಿಯ ಸೀಟು ಸಿಗುತ್ತದೆಯೇ ಎಂದು ಅವರು ನನ್ನನ್ನು ಕೇಳಿದಾಗ, ಅದನ್ನು ಕೇಳಲು ಅವರು ವಾರದಿಂದ ಕಾದಿದ್ದಾರೆ ಎಂದು ನನಗೆ ತಿಳಿಯಿತು.

ಕೂಟ ನಡೆಯುವ ದೇಶದ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೆ ನೀವೂ ಒಂದು ಪಕ್ಷ ಹಿಡಿದುಬಿಡುತ್ತೀರಿ, ಕಥೆ ಅಲ್ಲಿಗೇ ನಿಲ್ಲುತ್ತದೆ. ಆ ದೇಶ ಪಕ್ಕದ ದೇಶದ ಮೇಲೆ ಯುದ್ಧಕ್ಕೆ ಹೋಗಿತ್ತು ಎಂದಷ್ಟು ಹೇಳಿದರೆ ಸಾಕು.

ಹೊರಡಲು ಒಂದು ತಿಂಗಳಿದೆ ಎನ್ನುವಾಗ, ಬೆಳಿಗ್ಗೆ ಹಾಲಿನ ಬೂತಿನ ಸಾಲಿನಲ್ಲಿ ಇದು ಶುರುವಾಯಿತು. ನಮ್ಮ ಬಡಾವಣೆಯ ಹಿತರಕ್ಷಣಾ ವೇದಿಕೆಯ ಅಧ್ಯಕ್ಷರಾದ ವಿಜಯ್‌ಕುಮಾರ್ ನನ್ನ ತಮ್ಮನನ್ನು ಯಾವಾಗ ಪ್ರಯಾಣ ಎಂದು ಕೇಳಿದರು. ಹೋಗುವುದಿಲ್ಲ ಎಂದ. ಸಾಲಿನಲ್ಲಿದ್ದವರೆಲ್ಲ ತಿರುಗಿದರು. ಯಾಕೆ ಎಂದರು ವಿಜಯ್‌ಕುಮಾರ್. ಇವನ ಕಂಕುಳಲ್ಲಿ ಅಂದಿನ ಪತ್ರಿಕೆ ಇತ್ತು, ಅದರಲ್ಲಿ ಹೊಗೆ ಏಳುತ್ತಿದ್ದ ಒಂದು ಊರಿನ ಚಿತ್ರವಿತ್ತು.

"ಅವರು ಮಾಡ್ತಿರೋದು ನೋಡಿ," ಎಂದು ಪತ್ರಿಕೆ ಬಿಡಿಸಿದನಂತೆ. "ಅಂಥ ಕಡೆ ಹೋಗಿ ನಡೀಬೇಕೇನ್ರೀ? ನಾನು ಬಹಿಷ್ಕಾರ ಮಾಡಿದೀನಿ."

ಅವನಿಗೆ ಆ ಪದ ಎಲ್ಲಿಂದ ಬಂತೋ ಕಾಣೆ. ಹಾಲಿನ ಪ್ಯಾಕೆಟ್ ಕೊಡುತ್ತಿದ್ದಾಕೆ ಅಂದು ಅವನಿಗೆ ತೇವ ಒರೆಸಿ ಕೊಟ್ಟಳಂತೆ. ಅದನ್ನು ಬಂದು ನನಗೆ ಹೇಳುವಾಗ ಅವನ ಮುಖದಲ್ಲಿ ಹೆಮ್ಮೆಗಿಂತ ಗಾಬರಿಯೇ ಹೆಚ್ಚಾಗಿತ್ತು.

ಸಂಜೆಯೊಳಗೆ ವಿಜಯ್‌ಕುಮಾರ್ ನಮ್ಮ ಮನೆಗೆ ಬಂದರು. ಅವರ ಕಷ್ಟ ಬೇರೆಯೇ ಇತ್ತು. ನಮ್ಮ ಬಡಾವಣೆಯಲ್ಲಿ ರಾಜ್ಯೋತ್ಸವ ನವೆಂಬರಿನಲ್ಲಿ ಶುರುವಾಗಿ ಶಾಮಿಯಾನದವನು ಬಿಡುವಾದಾಗ ಮುಗಿಯುತ್ತದೆ. ಆ ವರ್ಷ ಸನ್ಮಾನಿತರಾಗಬೇಕಿದ್ದ ನಿವೃತ್ತ ಪ್ರಾಂಶುಪಾಲರು ಮಗಳ ಬಾಣಂತನಕ್ಕೆ ಹೊರಟ ಹೆಂಡತಿಯ ಹಿಂದೆ ತಾವೂ ಹೊರಟುಬಿಟ್ಟಿದ್ದರು. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಸಿದ್ಧವಾಗಿದ್ದವು. ತಲೆ ಒಂದು ಕಡಿಮೆಯಾಗಿತ್ತು. ನಮ್ಮ ಊರಿನಲ್ಲಿ ಒಂದು ಪೇಟ ತಯಾರಾದ ಮೇಲೆ ಅದು ಯಾರದಾದರೂ ತಲೆಯ ಮೇಲೆ ಕೂರಲೇಬೇಕು, ವಾಪಸ್ಸು ಪೆಟ್ಟಿಗೆಗೆ ಹೋದ ಉದಾಹರಣೆಯಿಲ್ಲ.

"ಏನಾದ್ರೂ ಮಾಡಿದೋರಿಗೆ ಎಲ್ಲರೂ ಸನ್ಮಾನ ಮಾಡ್ತಾರೆ ಸಾರ್," ಎಂದರು ವಿಜಯ್‌ಕುಮಾರ್. "ಮಾಡದೇ ಇದ್ದೋರಿಗೆ ಮಾಡೋದು ನಾವೇ ಮೊದಲು."

ಅವರು ತಾವೂ ಬಹಿಷ್ಕಾರದಲ್ಲಿ ನಂಬಿಕೆ ಇರುವವರು ಎಂದು ನನಗೆ ತಿಳಿಸಿದರು. ಮನಸ್ಸಿಗೆ ಒಪ್ಪದ ದೇಶದ ಜೊತೆ ಕ್ರಿಕೆಟ್ ನಡೆದಾಗ ಟೀವಿಯ ಧ್ವನಿ ಬಂದ್ ಮಾಡಿ ನೋಡುತ್ತಾರಂತೆ. ಅದು ಅರ್ಧ ಬಹಿಷ್ಕಾರ. ಭಾರತ ಸೋಲುವ ಹಾಗೆ ಕಂಡರೆ ಪೂರ್ತಿ ಆರಿಸುತ್ತಾರೆ.

ಮೂರೇ ದಿನಕ್ಕೆ ಬಡಾವಣೆಯ ರಸ್ತೆಯಲ್ಲಿ ಸಂಪಿಗೆ ಮರದ ಪಕ್ಕದ ಕಂಬದ ಮೇಲೆ ಫ್ಲೆಕ್ಸ್ ಬಂತು. ನನ್ನ ತಮ್ಮನ ಒಳ್ಳೆಯ ಫೋಟೋ ಇರಲಿಲ್ಲ. ಯಾವುದೋ ಮದುವೆಯಲ್ಲಿ ಪಾಯಸ ಕುಡಿಯುತ್ತಿದ್ದಾಗ ತೆಗೆದದ್ದರಲ್ಲಿ ಲೋಟವನ್ನು ಅಳಿಸಿ ಹಾಕಿದ್ದರು. ಹಾಗಾಗಿ ಅವನು ಕಣ್ಣು ಮುಚ್ಚಿ ಪ್ರಪಂಚದ ಶಾಂತಿಗೆ ಪ್ರಾರ್ಥಿಸುತ್ತಿರುವಂತೆ ಕಾಣುತ್ತಿತ್ತು. ಕೆಳಗೆ ಯುದ್ಧವಿರೋಧಿ ಎಂದು ಬರೆದಿತ್ತು. ಪಾಲಿಕೆ ಚುನಾವಣೆಗೆ ನಿಲ್ಲುವ ಆಸೆಯಿದ್ದ ಅಶೋಕ ಎಂಬುವರು ಅದೇ ಕಂಬದ ಇನ್ನೊಂದು ಮಗ್ಗುಲಿಗೆ ಅದೇ ಫೋಟೋ ಹಾಕಿಸಿ ವೀರ ದೇಶಪ್ರೇಮಿ ಎಂದು ಬರೆಸಿದರು. ಹೀಗೆ ನನ್ನ ತಮ್ಮ ಬೋಗಾದಿಯಿಂದ ಹೋಗುವವರಿಗೆ ಶಾಂತಿದೂತನಾಗಿಯೂ ಬರುವವರಿಗೆ ಯೋಧನಾಗಿಯೂ ಕಾಣುತ್ತಿದ್ದ. ಅವನಂತೂ ಆ ಕಂಬ ತಪ್ಪಿಸಿ ಬಳಸು ದಾರಿಯಲ್ಲಿ ನಡೆಯತೊಡಗಿದ.

ಸಂಬಂಧಿಕರ ಫೋನು ಶುರುವಾಯಿತು. ನಮ್ಮ ಚಿಕ್ಕಪ್ಪನ ಮಗ ಪವಮಾನ, ಒಂದು ಗಂಟೆ ವಾದ ಮಾಡಿ, ಆಟವೇ ಬೇರೆ ರಾಜಕೀಯವೇ ಬೇರೆ ಎಂದ. ಮಾರನೆಯ ದಿನ ಮತ್ತೆ ಫೋನ್ ಮಾಡಿ, ರಾತ್ರಿ ಯೋಚಿಸಿದೆ, ಎರಡೂ ಒಂದೇ ಎಂದ. ಮೂರನೆಯ ದಿನ ಅವನ ಹೆಂಡತಿ ಫೋನ್ ಮಾಡಿ, ಇನ್ನು ಅವರು ಫೋನ್ ಮಾಡಿದರೆ ದಯವಿಟ್ಟು ಎತ್ತಬೇಡಿ ಶಾರದಕ್ಕ, ಮನೆಯಲ್ಲಿ ಯಾರೂ ನಿದ್ದೆ ಮಾಡಿಲ್ಲ ಎಂದು ಕೇಳಿಕೊಂಡಳು.

ಸಮಾರಂಭಕ್ಕೆ ಮುಖ್ಯ ಅತಿಥಿಯಾಗಿ ಕ್ರೀಡಾ ಇಲಾಖೆಯ ಅಧಿಕಾರಿ ಮನೋಹರ್ ಒಪ್ಪಿದ್ದರು. ಒಪ್ಪಿದ ಮೇಲೆ ಅವರಿಗೆ ಭಯವಾಗಿ ಮನೆಗೇ ಬಂದರು. ಒಳ್ಳೆಯ ಮನುಷ್ಯ; ಅಂದು ನಾನು ಕಾಫಿಗೆ ಸಕ್ಕರೆ ಹಾಕಲು ಮರೆತಿದ್ದೆ, ಒಂದು ಮಾತಾಡದೆ ಪೂರ್ತಿ ಕುಡಿದರು. ಅವರ ತೊಡಕು ಇದು: ಸರ್ಕಾರ ಆ ಕೂಟಕ್ಕೆ ಹೋಗಿ ಎಂದೂ ಹೇಳಿಲ್ಲ, ಹೋಗಬೇಡಿ ಎಂದೂ ಹೇಳಿಲ್ಲ. ಹೋಗದವರನ್ನು ಹೊಗಳಿದರೆ ನಾಳೆ ಸರ್ಕಾರ ಹೋಗಿ ಎಂದುಬಿಟ್ಟರೆ ಏನು ಗತಿ?

"ಬರ್ತೀನಿ ಮೇಡಂ, ಮಾತೂ ಆಡ್ತೀನಿ," ಎಂದರು ಕೊನೆಗೆ. "ಆದ್ರೆ ಯಾವುದರ ಬಗ್ಗೆಯೂ ಮಾತಾಡಲ್ಲ."

ಇಷ್ಟೆಲ್ಲ ನಡೆಯುವಾಗ ಕೃಷ್ಣಪ್ಪನವರು ವಾಕಿಂಗಿಗೆ ಬರುತ್ತಲೇ ಇದ್ದರು, ಏನೂ ಕೇಳುತ್ತಿರಲಿಲ್ಲ. ಒಂದು ಬೆಳಿಗ್ಗೆ ಗೇಟಿನಲ್ಲಿ ನಿಂತು ಕೇಳಿದರು.

"ಅಲ್ಲ ಸುಬ್ಬಯ್ಯೋರೆ, ನಾವು ನಡದ್ರೆ ಅವರ ಬಾಂಬಿಗೆ ಎಂಗೆ ಸಹಾಯ ಆಯ್ತದೆ?"

ನನ್ನ ತಮ್ಮ ಆ ವೇಳೆಗೆ ಪತ್ರಿಕೆಗಳನ್ನು ಓದಿ ಓದಿ ಹುರಿಗೊಂಡಿದ್ದ. ಕೂಟ ಚೆನ್ನಾಗಿ ನಡೆದರೆ ಆ ಸರ್ಕಾರಕ್ಕೆ ಮರ್ಯಾದೆ ಬರುತ್ತದೆ, ಎಲ್ಲ ದೇಶದವರೂ ಬಂದು ನಕ್ಕು ಫೋಟೋ ತೆಗೆಸಿಕೊಂಡರೆ ಅವರು ಮಾಡಿದ್ದು ಸರಿ ಎಂದಂತಾಗುತ್ತದೆ, ಹಿಂದೆ ಒಂದು ದೇಶ ಕರಿಯರನ್ನು ಕೀಳಾಗಿ ಕಂಡಾಗ ಪ್ರಪಂಚವೆಲ್ಲ ಅವರ ಜೊತೆ ಆಡುವುದನ್ನೇ ಬಿಟ್ಟಿತ್ತು ಎಂದು ಅರ್ಧ ಗಂಟೆ ಹೇಳಿದ. ಅವನು ಇಷ್ಟು ಚೆನ್ನಾಗಿ ಮಾತಾಡಿದ್ದನ್ನು ನಾನು ಮೊದಲು ಕೇಳಿರಲಿಲ್ಲ. ಅವನೂ ಕೇಳಿರಲಿಲ್ಲ. ಕೃಷ್ಣಪ್ಪನವರು ಹೌದಾ ಎಂದು ತಲೆ ಕೆರೆದುಕೊಂಡು ಹೋದರು.

ಹಿನಕಲ್‌ನಲ್ಲಿ ಜನ ಅವರನ್ನು ಕೇಳಲು ತೊಡಗಿದ್ದರು. ನಿಮ್ಮ ಜೊತೆಗಾರರು ಬಿಟ್ಟರಂತೆ, ನೀವು ಹೋಗ್ತೀರಾ? ಕ್ಷೌರದಂಗಡಿಯಲ್ಲಿ ಅವರಿಗೆ ಅರ್ಧ ಗಡ್ಡ ಕೆರೆದು, ಉತ್ತರ ಹೇಳಿ ಎಂದು ಕತ್ತಿ ಹಿಡಿದು ಕಾದರಂತೆ. ಕ್ರಮೇಣ ನೀಲಿ ಅಂಗಿ ಮುಂದಿನ ತಂತಿಯಿಂದ ಹಿತ್ತಿಲ ತಂತಿಗೆ ಹೋಯಿತು. ಆಮೇಲೆ ಹಿತ್ತಿಲಲ್ಲೂ ಕಾಣಲಿಲ್ಲ.

ಇನ್ನೊಂದು ಸಂಗತಿ ನಡೆಯಿತು. ಪುಟ್ಟತಾಯಮ್ಮ ಮನೆಯ ಪಕ್ಕದ ತುಂಡು ಜಾಗದಲ್ಲಿ ಸೊಪ್ಪು ಬೆಳೆಯುತ್ತಾರೆ. ಪ್ರತಿ ಸೋಮವಾರ ಗಂಡನ ಕೈಯಲ್ಲಿ ನಮಗೆ ಒಂದು ಕಟ್ಟು ದಂಟಿನ ಸೊಪ್ಪು ಬರುತ್ತಿತ್ತು, ಬೇರಿನ ಮಣ್ಣು ತೊಳೆದು, ಒದ್ದೆ ಬಟ್ಟೆ ಸುತ್ತಿ. ಬೇಯಿಸಿದ್ದು ಎಂದೂ ಬಂದಿರಲಿಲ್ಲ, ನಮ್ಮ ಮನೆಯಲ್ಲಿ ಬೆಳ್ಳುಳ್ಳಿ ಮುಟ್ಟುವುದಿಲ್ಲ ಎಂದು ಆಕೆಗೆ ಗೊತ್ತಿತ್ತು. ಆ ಸೋಮವಾರ ಬರಲಿಲ್ಲ. ಮುಂದಿನ ಸೋಮವಾರವೂ ಬರಲಿಲ್ಲ. ಕೃಷ್ಣಪ್ಪನವರು ಮಳೆ ಎಂದರು, ಆಮೇಲೆ ಹುಳು ಎಂದರು, ನಮ್ಮ ಮುಖ ನೋಡಲಿಲ್ಲ. ಗಂಡನ ವಿಮಾನ ಯಾರಿಂದ ತಪ್ಪುವುದರಲ್ಲಿದೆ ಎಂದು ಆಕೆಗೆ ಗೊತ್ತಿತ್ತು. ಇಡೀ ಬಡಾವಣೆ ಬಹಿಷ್ಕಾರದ ಬಗ್ಗೆ ಭಾಷಣ ಮಾಡುತ್ತಿದ್ದಾಗ, ನಿಜವಾದ ಬಹಿಷ್ಕಾರವೊಂದು ಸದ್ದಿಲ್ಲದೆ ನಮ್ಮ ಅಡಿಗೆಮನೆಗೆ ಬಂದಿತ್ತು.

ಸಮಾರಂಭದ ಹಿಂದಿನ ಸಂಜೆ ನಾನು ಒಗೆದ ಬಟ್ಟೆ ತರಲು ಮಹಡಿಗೆ ಹೋದಾಗ ಆ ವಾಸನೆ ಬಂತು. ಬಿಳಿ ಪಾಲಿಶಿನ ವಾಸನೆ. ನನ್ನ ತಮ್ಮ ಮೋಟುಗೋಡೆಯ ಪಕ್ಕದಲ್ಲಿ ಕೂತಿದ್ದ, ಗೋಡೆಯ ಮೇಲೆ ಎರಡು ಬೂಟುಗಳು ಬೆಳ್ಳಗೆ ಒಣಗುತ್ತಿದ್ದವು.

ಹೋಗದವನಿಗೆ ಬೂಟು ಯಾಕೆ ಎಂದು ಕೇಳಿದೆ. ಫೋನ್ ತೆಗೆದು, ಏಷ್ಯಾ ಕೂಟದ ಸಂಘಟಕರಿಂದ ಹಿಂದೆಯೇ ಬಂದಿದ್ದ ಸಂದೇಶ ತೋರಿಸಿದ. ಹೊರಗಿನಿಂದ ಯಾವ ಆಹಾರವನ್ನೂ ತರುವಂತಿಲ್ಲ, ಪುಡಿಯನ್ನೂ ತರುವಂತಿಲ್ಲ, ಹತ್ತು ದಿನವೂ ಅಲ್ಲಿ ಕೊಟ್ಟದ್ದನ್ನೇ ತಿನ್ನಬೇಕು ಎಂದಿತ್ತು.

"ಪುಡೀನೂ ಇಲ್ಲ ಕಣಕ್ಕ," ಎಂದ. "ಹತ್ತು ದಿನ ನಿನ್ನ ಸಾರಿಲ್ಲದೆ ನಾನು ಯಾವತ್ತಾದ್ರೂ ಇದ್ದಿದೀನಾ ಹೇಳು? ಇದನ್ನ ಹಾಲಿನ ಬೂತಲ್ಲಿ ಹೇಳಕ್ಕಾಗತ್ತಾ?"

ನಾನು ನಗಲಿಲ್ಲ, ನಗಬಹುದಾಗಿತ್ತು. ಕೃಷ್ಣಪ್ಪನವರೂ ಹೋಗದೆ ಇದ್ದುಬಿಟ್ಟರೆ ಎಂದಷ್ಟೇ ಕೇಳಿದೆ. ಬರುತ್ತೇನೆಂದು ಒಪ್ಪಿಗೆ ಕಳಿಸಲು ಇನ್ನು ಎರಡೇ ದಿನ ಉಳಿದಿತ್ತು. ಅವನು ಬೂಟನ್ನು ಕೈಗೆತ್ತಿಕೊಂಡ, ಇನ್ನೂ ಒಣಗಿರಲಿಲ್ಲ, ಬೆರಳೆಲ್ಲ ಬಿಳಿಯಾಯಿತು.

"ನಾಳೆ ಎಲ್ಲರ ಎದುರಿಗೆ ನಿಜ ಹೇಳಿಬಿಡ್ತೀನಿ," ಎಂದ.

ಸಮುದಾಯ ಭವನ ತುಂಬಿತ್ತು. ಪ್ರಾಂಶುಪಾಲರ ತಲೆಗೆಂದು ತಂದ ಪೇಟ ನನ್ನ ತಮ್ಮನ ಕಣ್ಣಿನವರೆಗೆ ಇಳಿಯಿತು. ವಿಜಯ್‌ಕುಮಾರ್ ಯಾರಿಗೂ ಕಾಣದಂತೆ ತಮ್ಮ ಕರವಸ್ತ್ರ ಮಡಚಿ ಪೇಟದ ಒಳಗೆ ಇಟ್ಟು ಸರಿಮಾಡಿದರು. ಆ ಮನುಷ್ಯನ ಮೇಲೆ ನನಗಿದ್ದ ಸಣ್ಣ ಸಿಟ್ಟು ಅಲ್ಲಿಗೆ ಹೋಯಿತು. ಮನೋಹರ್ ಮಾತು ಕೊಟ್ಟಂತೆ ಮಂಡಿನೋವಿನ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದರು. ಕಾಲೇಜಿನಲ್ಲಿ ಓದುವ ನಾಗಾರ್ಜುನ ಎಂಬ ಹುಡುಗ ಎದ್ದು ನಿಂತು, ಯುದ್ಧ ಮಾಡದ ದೇಶ ಯಾವುದು, ಹಾಗೆ ನೋಡಿದರೆ ಎಲ್ಲಿ ಹೋಗಿ ನಡೆಯಬಹುದು ಎಂದು ಕೇಳಿದ. ಸಭೆ ಒಂದೊಂದೇ ದೇಶವನ್ನು ಹೆಸರಿಸಿ ಒಂದೊಂದನ್ನೇ ಬಿಡುತ್ತಾ ಬಂತು. ಕೊನೆಗೆ ಒಬ್ಬರು, ಕೊಳಚೆ ನೀರನ್ನು ಪಕ್ಕದ ಬಡಾವಣೆಗೆ ಬಿಡುತ್ತಿರುವ ನಾವು ಯಾವ ಮುಖ ಇಟ್ಟುಕೊಂಡು ಮಾತಾಡುತ್ತಿದ್ದೇವೆ ಎಂದರು. ಅಲ್ಲಿಂದ ಚರ್ಚೆ ಒಳಚರಂಡಿಗೆ ಇಳಿಯಿತು, ಅದನ್ನು ಮೇಲೆತ್ತಲು ಬಹಳ ಹೊತ್ತು ಹಿಡಿಯಿತು.

ಆಗ ನನ್ನ ತಮ್ಮ ಮೈಕಿನ ಮುಂದೆ ನಿಂತ. ಶಾಲು ಜಾರುತ್ತಿತ್ತು.

"ನಾನು ಯುದ್ಧಕ್ಕೋಸ್ಕರ ಬಿಟ್ಟಿದ್ದಲ್ಲ," ಎಂದ. "ನಮ್ಮಕ್ಕನ ಸಾರಿಗೋಸ್ಕರ ಬಿಟ್ಟಿದ್ದು. ಅಲ್ಲಿ ಸಾರು ಸಿಗಲ್ಲ. ಭಯ ಆಯ್ತು. ನಾನು ಹೇಳಿದ್ದು ಸುಳ್ಳು. ಕೃಷ್ಣಪ್ಪನವರು ನನ್ನ ಮಾತು ಕೇಳಿ ನಿಲ್ಲಬಾರದು, ಹೋಗಬೇಕು."

ಮೊದಲು ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ಇಂಥ ವಿನಯವನ್ನು ತಾವು ಜೀವನದಲ್ಲಿ ಕಂಡಿಲ್ಲ ಎಂದು ವಿಜಯ್‌ಕುಮಾರ್ ಮೈಕಿನಲ್ಲಿ ಗದ್ಗದರಾದರು. ಇಲ್ಲ, ನಿಜವಾಗಿಯೂ ಸಾರು ಎಂದು ಇವನು ಮತ್ತೆ ಹೇಳಿದ. ಚಪ್ಪಾಳೆ ಇನ್ನೂ ಜೋರಾಯಿತು. ಸತ್ಯ ಹೇಳುವುದು ಕಷ್ಟ ಎಂದು ಕೇಳಿದ್ದೆ. ಹೇಳಿದ ಮೇಲೆ ಅದನ್ನು ನಂಬಿಸುವುದು ಅದಕ್ಕಿಂತ ಕಷ್ಟ ಎಂದು ಅಂದು ತಿಳಿಯಿತು. ಹೊರಗೆ ಬರುವಾಗ ಮೂವರು ಹೆಂಗಸರು ನನ್ನನ್ನು ಪಕ್ಕಕ್ಕೆ ಕರೆದು, ಆ ಸಾರಿಗೆ ಮೆಣಸು ಎಷ್ಟು ಹಾಕುತ್ತೀರಿ ಎಂದು ಕೇಳಿದರು.

ಕೃಷ್ಣಪ್ಪನವರು ಹಿಂದಿನ ಸಾಲಿನಲ್ಲಿ ಕೂತಿದ್ದರು. ಪುಟ್ಟತಾಯಮ್ಮ ಬಂದಿರಲಿಲ್ಲ. ಅವರು ಹಣ್ಣಿನ ಬುಟ್ಟಿ ಹೊತ್ತುಕೊಂಡು ನಮ್ಮ ಜೊತೆ ಗೇಟಿನವರೆಗೆ ಬಂದರು, ಎಂದಿನಂತೆ ನನ್ನ ತಮ್ಮನನ್ನು ಒಳಗಡೆಗೆ ಹಾಕಿಕೊಂಡು.

"ಸಾರಿಗೋಸ್ಕರ ಅಂದ್ರಲ್ಲ, ನಾನು ನಂಬ್ತೀನಿ ಕಣ್ರೀ," ಎಂದರು. "ಅಲ್ಲಿದ್ದೋರಲ್ಲಿ ನಾನೊಬ್ನೇ ನಂಬಿದ್ದು."

ಹಾಗಾದರೆ ನಾಳೆ ಒಪ್ಪಿಗೆ ಕಳಿಸಿಬಿಡಿ ಎಂದ ಇವನು.

ಕೃಷ್ಣಪ್ಪನವರು ಬುಟ್ಟಿಯನ್ನು ಕಾಂಪೌಂಡಿನ ಮೇಲೆ ಇಟ್ಟರು. ಇವನ ಭಾಷಣ ಕೇಳಿದ ದಿನದಿಂದ ತಾವೂ ಟೀವಿಯಲ್ಲಿ ಆ ಯುದ್ಧ ನೋಡಲು ಶುರುಮಾಡಿದ್ದಾಗಿ ಹೇಳಿದರು. ಒಂದು ದಿನ ಸುಟ್ಟುಹೋದ ಸಿಟಿ ಬಸ್ಸು ತೋರಿಸಿದರಂತೆ.

"ಎಲ್ಲಾ ಸುಟ್ಟೋಗಿತ್ತು ಸುಬ್ಬಯ್ಯೋರೆ. ಡ್ರೈವರ್ ಸೀಟ್ ಮೇಲೆ ಒಂದು ಟವಲ್ ಇತ್ತು, ಅರ್ಧ ಬೆಂದು. ನಾವೂ ಅಂಗೇ ಹಾಸ್ಕೊತಿದ್ವಿ, ಬೆವರಿಗೆ. ಅವತ್ತಿಂದ ಆ ನೀಲಿ ಅಂಗಿ ಹಾಕ್ಕಂಡ್ರೆ ಮೈ ಕಡೀತದೆ. ನೀವು ಸುಳ್ಳಿಗೆ ಹೇಳುದ್ರಿ, ನಾನು ನಿಜ ಅಂತ ಯೋಚನೆ ಮಾಡ್ಬುಟ್ಟೆ. ಈಗ ಎಂಗೆ ವಾಪಸ್ ಹೋಗದು?"

ನನ್ನ ತಮ್ಮ ತಾನು ಕಲಿತದ್ದನ್ನೆಲ್ಲ ತಿರುವಿ ಹಾಕಿದ. ಆಟಗಾರರು ಮಾಡಿದ ತಪ್ಪೇನು, ನೀವು ನಿಂತರೆ ಅಲ್ಲಿ ಒಂದು ಗುಂಡೂ ಕಡಿಮೆಯಾಗುವುದಿಲ್ಲ, ಹೋಗಿ ಅಲ್ಲಿನ ಜನರ ಜೊತೆ ನಡೆದರೆ ಅವರೂ ನಮ್ಮಂಥವರೇ ಎಂದು ತಿಳಿಯುತ್ತದೆ, ನಿಮ್ಮ ಕಿಟಕಿಯ ಸೀಟು ಏನಾಗಬೇಕು ಎಂದ. ಇದೂ ಅಷ್ಟೇ ಚೆನ್ನಾಗಿತ್ತು. ಗೇಟಿನ ಈಚೆ ನಿಂತು ಕೇಳುತ್ತಿದ್ದ ನನಗೆ ಎರಡೂ ಭಾಷಣಗಳೂ ಸರಿ ಎನ್ನಿಸಿ, ನನ್ನ ಬಿ.ಎ. ಯಾವ ಉಪಯೋಗಕ್ಕೂ ಬರಲಿಲ್ಲ.

"ಬಂದ್ ದಿನ ಬಸ್ ತಗ್ದಿದೀನಿ, ಕಲ್ಲು ಬಿತ್ತು," ಎಂದರು ಕೃಷ್ಣಪ್ಪನವರು. "ಇನ್ನೊಂದ್ ಬಂದ್ ದಿನ ನಿಲ್ಸಿದೀನಿ, ಬಸುರಿ ಹೆಂಗ್ಸು ಆಸ್ಪತ್ರೆಗೆ ನಡ್ಕೊಂಡು ಹೋದ್ಲು. ಎರಡು ದಿನಾನೂ ಮನೇಲಿ ಊಟ ಸೇರ್ಲಿಲ್ಲ. ಯಾವುದು ಸರಿ ಅಂತ ಇವತ್ತಿಗೂ ಗೊತ್ತಿಲ್ಲ. ಈ ಸಲ ನಿಲ್ಸದೇ ಸರಿ ಅನ್ನುಸ್ತದೆ. ಬುಡಿ."

ಅವರು ಹೋದ ಮೇಲೆ ನನ್ನ ತಮ್ಮ ತಾನೇ ಹೋಗುತ್ತೇನೆ, ಆಗ ಅವರು ಜೊತೆಗೆ ಬಂದೇ ಬರುತ್ತಾರೆ ಎಂದು ತೀರ್ಮಾನಿಸಿದ. ಮಾರನೆಯ ದಿನ ನನ್ನ ಸಾರನ್ನು ಮುಟ್ಟದೆ, ಅಭ್ಯಾಸವಾಗಲಿ ಎಂದು ಬರೀ ಬ್ರೆಡ್ಡು ತಿಂದ. ಮಧ್ಯಾಹ್ನ ಕಣ್ಣು ಮುಚ್ಚಿ ತಿಂದ, ರಾತ್ರಿ ಮೂಗು ಮುಚ್ಚಿ ತಿಂದ. ನಡುವೆ ಸಂಜೆ ಆ ಬ್ರೆಡ್ಡಿನ ಪೊಟ್ಟಣ ಹಿಡಿದುಕೊಂಡು ಹಿನಕಲ್‌ಗೆ ಹೋಗಿ ಕೃಷ್ಣಪ್ಪನವರಿಗೆ ತೋರಿಸಿದನಂತೆ. ಅವರು ಬೆನ್ನು ತಟ್ಟಿ, ನೀವು ಹೋಗಿಬನ್ನಿ, ಕಿಟಕಿಯಿಂದ ಏನು ಕಾಣಿಸಿತು ಅಂತ ಬಂದು ಹೇಳಿ ಎಂದರಂತೆ. ಪುಟ್ಟತಾಯಮ್ಮ ಬಾಗಿಲಿಗೆ ಬಂದು ನೋಡಿ ಒಳಗೆ ಹೋದರಂತೆ. ನೀರು ಬೇಕೆ ಎಂದೂ ಕೇಳಲಿಲ್ಲ. ಕೊನೆಯ ದಿನ ಕಳೆಯಿತು. ಇಬ್ಬರೂ ಒಪ್ಪಿಗೆ ಕಳಿಸಲಿಲ್ಲ. ಒಬ್ಬರು ಮನಸ್ಸು ಒಪ್ಪದೆ, ಇನ್ನೊಬ್ಬ ಒಬ್ಬನೇ ಹೋಗಲಾರದೆ. ಕಂಬದ ಮೇಲಿದ್ದ ಎರಡು ಫ್ಲೆಕ್ಸ್‌ಗಳಲ್ಲಿ ಯಾವುದರಲ್ಲೂ ಇದನ್ನು ಬರೆಯುವ ಹಾಗಿರಲಿಲ್ಲ.

ಅಲ್ಲಿ ಆ ಸ್ಪರ್ಧೆ ನಡೆಯಬೇಕಿದ್ದ ದಿನ ಬೆಳಿಗ್ಗೆ, ನಾನೂ ಕುಕ್ಕರಹಳ್ಳಿ ಕೆರೆಗೆ ಹೋದೆ. ನನ್ನ ತಮ್ಮ ಆಗಷ್ಟೇ ಮತ್ತೆ ಬಿಳಿ ಬಳಿದ ಆ ಬೂಟು ಹಾಕಿಕೊಂಡಿದ್ದ, ಲೇಸು ಕಟ್ಟಿದ ಬೆರಳೆಲ್ಲ ಬಿಳಿಯಾಗಿತ್ತು. ಕೃಷ್ಣಪ್ಪನವರು ದೂರದಿಂದ ಬರುವಾಗ ನೀಲಿ ಬಣ್ಣ ಕಂಡಿತು. ಅಂಗಿ ತೊಟ್ಟಿದ್ದರು. ಮೈ ಕಡಿಯುವುದಿಲ್ಲವೇ ಎಂದು ಇವನು ಕೇಳಿದ್ದಕ್ಕೆ, ಇಲ್ಲಿ ಕಡಿಯಾಕಿಲ್ಲ ಎಂದು ನಕ್ಕರು.

ಏನೋ ನಡೆಯಲಿದೆ ಎಂದು ಮೂಸಿ ತಿಳಿದ ವಿಜಯ್‌ಕುಮಾರ್ ಸೀಟಿ ಹಿಡಿದು ಬಂದುಬಿಟ್ಟಿದ್ದರು. ಇಬ್ಬರ ಮಂಡಿಯನ್ನೂ ನೋಡಲು ಅವರೇ ತೀರ್ಪುಗಾರರು. ಕೆಂಪು ಕಾರ್ಡಿಗೆಂದು ಮನೆಯಿಂದ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ತಂದಿದ್ದರು. ಇಬ್ಬರೂ ಹೊರಟರು. ಏರಿಯ ಮೇಲೆ ನೀಲಿಯೂ ಬಿಳಿಯೂ ಮರಗಳ ಮಧ್ಯೆ ಸಣ್ಣದಾಗುತ್ತಾ ಹೋದವು. ತಿರುವಿನಲ್ಲಿ ನನ್ನ ತಮ್ಮ ಹಿಂದೆ ಉಳಿದ, ನಿಲ್ದಾಣವಿಲ್ಲದ ಕಡೆ ಕೃಷ್ಣಪ್ಪನವರು ನಿಧಾನವಾದರು, ಇವನು ಸೇರಿಕೊಂಡ. ವಾಪಸ್ಸು ಬರುವಾಗಲೂ ಅದೇ. ವಿಜಯ್‌ಕುಮಾರ್ ಮಣ್ಣಿನಲ್ಲಿ ಎಳೆದಿದ್ದ ಗೆರೆಯ ಹತ್ತಿರ ಬಂದಾಗ ಕೃಷ್ಣಪ್ಪನವರು ಪೂರ್ತಿ ನಿಂತರು. ಇವನೂ ನಿಂತ. ಈ ಸಲ ನೀವು ಮುಂದೆ ಎಂದು ಅವರು, ಇಲ್ಲ ನೀವು ಎಂದು ಇವನು. ನಡಿಗೆಯ ಸ್ಪರ್ಧೆಯಲ್ಲಿ ನಿಲ್ಲುವುದರ ಬಗ್ಗೆ ನಿಯಮ ಏನೆಂದು ಗೊತ್ತಿರದ ವಿಜಯ್‌ಕುಮಾರ್ ಗೊಂದಲಗೊಂಡು ಇಬ್ಬರಿಗೂ ಮುಚ್ಚಳ ತೋರಿಸಿಬಿಟ್ಟರು.

ಕೆರೆಯ ಗೇಟಿನ ಹೊರಗಿನ ಕಲ್ಲುಬೆಂಚಿನ ಮೇಲೆ ಪುಟ್ಟತಾಯಮ್ಮ ಕೂತಿದ್ದರು. ಯಾವಾಗ ಬಂದರೋ ಗೊತ್ತಿಲ್ಲ. ಬಿಸಿಲಿಗೆ ಸೆರಗು ತಲೆಯ ಮೇಲೆ ಎಳೆದುಕೊಂಡಿದ್ದರು. ಗಂಡನ ಬೆನ್ನಿನ ಮೇಲಿನ ಅಕ್ಷರವನ್ನು ಒಂದು ಸಲ ನೋಡಿದರು. ಆಮೇಲೆ ಪಕ್ಕದಲ್ಲಿದ್ದ ಕೈಚೀಲದಿಂದ, ಒದ್ದೆ ಬಟ್ಟೆ ಸುತ್ತಿದ ಎರಡು ಅಂತಸ್ತಿನ ಸ್ಟೀಲ್ ಡಬ್ಬಿಯನ್ನು ತೆಗೆದರು. ಡಬ್ಬಿ ಹೊಸದು, ಅಂಗಡಿಯ ಚೀಟಿ ಕಿತ್ತ ಅಂಟು ಇನ್ನೂ ಹಾಗೇ ಇತ್ತು. ಅದನ್ನು ಗಂಡನಿಗೆ ಕೊಡುತ್ತಾರೆ ಎಂದುಕೊಂಡೆ. ಅವರು ಎದ್ದು ಬಂದು ನನ್ನ ತಮ್ಮನ ಮುಂದೆ ನಿಂತರು.

"ದಂಟಿನ ಸೊಪ್ಪಿನ ಸಾರು, ಮುದ್ದೆ," ಎಂದರು ಮೆಲ್ಲಗೆ. "ಬೆಳ್ಳುಳ್ಳಿ ಹಾಕಿಲ್ಲ."

ಅವನು ನನ್ನ ಮುಖ ನೋಡಿದ. ನಾನು ಕೆರೆಯ ಕಡೆ ನೋಡಿದೆ. ಮತ್ತೆ ತಿರುಗುವ ಹೊತ್ತಿಗೆ ಡಬ್ಬಿ ಅವನ ಎರಡೂ ಕೈಯಲ್ಲಿತ್ತು, ಬೂಟಿನಿಂದ ಬೆರಳಿಗೆ ಹತ್ತಿದ್ದ ಬಿಳಿ ಅದರ ಮೇಲೆ ಮೂಡುತ್ತಿತ್ತು.